ಹೊಯ್ಟ್ ಸೂಪರ್ ರೆಸ್ಟ್: ಮರದ ರಿಕರ್ವ್ ಬಿಲ್ಲಿಗೆ ಒಳ್ಳೆಯ ಬಾಣದ ಆಸರೆ

ಬಾಣವನ್ನು ನೇರವಾಗಿ ಬಿಲ್ಲಿನ ಶೆಲ್ಫ್ (ಹಿಡಿಯ ಮೇಲಿನ ಕಟ್ಟೆ) ಮೇಲಿಟ್ಟು ಬಿಟ್ಟರೆ ಪ್ಲಾಸ್ಟಿಕ್ ಗರಿಗಳು ತಾಗಿ ಬಾಲ ಚಿಮ್ಮುತ್ತದೆ. ಅಂಟಿಸುವ ಈ ಪುಟ್ಟ ರೆಸ್ಟ್ ಬಾಣವನ್ನು ಮೇಲೆತ್ತಿ ಆ ತೊಂದರೆಯನ್ನು ಬಹಳ ಕಡಿಮೆ ಮಾಡುತ್ತದೆ, ಬೆಲೆಯೂ ಅಗ್ಗ.

ಬಿಲ್ಲಿನಲ್ಲಿ ಶೆಲ್ಫ್ ಪಕ್ಕಕ್ಕೆ ಅಂಟಿಸಿರುವ ಚರ್ಮದ ತುಂಡು ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಜಿಡ್ಡು ಒರೆಸಿ ಒಣಗಿಸಿ. ರೆಸ್ಟಿನ ತೋಳು (ಬಾಣ ಕೂರುವ ಕಡ್ಡಿ) ಬಿಲ್ಲಿನ ಹಿಡಿಯ ಅತಿ ಆಳದ ಭಾಗದ ನೇರಕ್ಕೆ ಬರಲಿ. ಅಂಟಿಸಿ ಒಂದು ರಾತ್ರಿ ಬಿಡಿ.

ಬಹಳ ಜನ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ: ಬಾಣ ಏರಿದಷ್ಟೇ ಹೆದೆಯ ನಾಕಿಂಗ್ ಪಾಯಿಂಟೂ (ಬಾಣದ ಹಿಂತುದಿ ಸಿಕ್ಕಿಸುವ ಗುರುತು) ಏರಬೇಕು. ಚೌಕಮಟ್ಟಕ್ಕಿಂತ (ಬಾಣ ಹೆದೆಗೆ ಲಂಬವಾಗಿ ಕೂರುವ ಮಟ್ಟ) ಸುಮಾರು 10 ಮಿ.ಮೀ. ಮೇಲಿಂದ ಶುರುಮಾಡಿ. ಪರೀಕ್ಷೆಗೆಂದು ಬಿಟ್ಟ ಗರಿಯಿಲ್ಲದ ಬಾಣ ಗರಿಯಿರುವುದಕ್ಕಿಂತ ಕೆಳಗೆ ನಾಟಿದರೆ ಪಾಯಿಂಟ್ ತುಸು ಇಳಿಸಿ. ತೀರಾ ತಗ್ಗಿದ್ದರೆ ಬಾಣದ ಹಿಂಬದಿ ರೆಸ್ಟಿಗೆ ಬಡಿದು ತೋಳು ಬೇಗ ಹಾಳಾಗುತ್ತದೆ. ಬಾಣ ಕೈಗಿಂತ ಎತ್ತರ ಕೂರುವುದರಿಂದ ಅಂದಾಜಿನಲ್ಲಿ ಗುರಿಯಿಡುವವರು ಹೊಸದಾಗಿ ರೂಢಿಸಿಕೊಳ್ಳಬೇಕು.