ಮೆತ್ತನೆ ನೈಟ್ ಗಾರ್ಡೋ, ಗಟ್ಟಿ ಸ್ಪ್ಲಿಂಟೋ?

ನಿದ್ದೆಯಲ್ಲಿ ಹಲ್ಲು ಕಡಿದು ದವಡೆ ಕೀಲು ನೋಯಿಸಿಕೊಂಡವರು ಆನ್‌ಲೈನ್‌ನ ಮೆತ್ತನೆ ಗಾರ್ಡ್‌ಗೆ ದುಡ್ಡು ಹಾಕಬೇಡಿ. ಹಲ್ಲಿನ ಡಾಕ್ಟರಿಗೆ ಅಳತೆ ಕೊಟ್ಟು ಗಟ್ಟಿ ಅಕ್ರಿಲಿಕ್ (ಪ್ಲಾಸ್ಟಿಕ್) ಸ್ಪ್ಲಿಂಟ್ ಮಾಡಿಸಿ. ಎರಡೂ ಮಲಗುವಾಗ ಹಲ್ಲಿನ ಮೇಲೆ ಕೂರಿಸಿಕೊಳ್ಳುವ ಕವಚಗಳೇ. ಎರಡನ್ನೂ ಹಾಕಿ ಮಲಗಿದವನ ಮಾತು ಇದು.

ನನಗಿದ್ದದ್ದು ಕಿವಿಯ ಮುಂದೆ ನೋವು, ಬಾಯಿ ಅಗಲಿಸಿದರೆ ಲಟಕ್ ಅನ್ನುವ ಸದ್ದು. ಕೀಲಿನ ಎರಡು ಮೂಳೆಗಳ ನಡುವೆ ಒಂದು ಬಿಲ್ಲೆ ಇರುತ್ತದೆ. ಅದು ಮುಂದಕ್ಕೆ ಜಾರಿದ್ದರೆ, ಬಾಯಿ ತೆರೆದಾಗ ವಾಪಸ್ ಜಾಗಕ್ಕೆ ಕೂರುವ ಸದ್ದು ಅದು. ಖಡಕ್ ರೊಟ್ಟಿ ಬಿಡಿ, ಮೆತ್ತಗಿನ ಬೆಣ್ಣೆದೋಸೆಗೂ ಯೋಚನೆ ಮಾಡಬೇಕಿತ್ತು. ದಾವಣಗೆರೆಯಲ್ಲಿದ್ದುಕೊಂಡು ಇದು ಕಷ್ಟ ಅಲ್ವಾ.

ಮೆತ್ತನೆಯದು ಹಾಕಿಕೊಳ್ಳೋಕೆ ಹಾಯಾಗಿದೆ. ಬಿಸಿನೀರಲ್ಲಿ ಅದ್ದಿ ಕಚ್ಚಿದರೆ ಮುಗಿಯಿತು. ತೊಂದರೆ ಇರುವುದು ಹಲ್ಲು ಎಲ್ಲಿ ತಾಗುತ್ತದೆ ಅನ್ನುವುದರಲ್ಲಿ. ದವಡೆಯ ಕೀಲು ಹಿಂದಿದೆ. ಬಾಗಿಲ ಕೀಲಿನ ಹತ್ತಿರ ರಟ್ಟಿನ ಚೂರು ಸಿಕ್ಕಿಸಿದರೆ ಆಚೆ ತುದಿ ತೆರೆದೇ ನಿಲ್ಲುತ್ತದಲ್ಲ, ಇಲ್ಲೂ ಹಾಗೇ. ಒಂದೇ ದಪ್ಪದ ರಬ್ಬರು ಬಾಯೊಳಗೆ ಬಂದರೆ ಹಿಂದಿನ ದವಡೆಹಲ್ಲು ಮೊದಲು ತಾಗುತ್ತವೆ, ಮುಂದಿನವು ತಾಗುವುದೇ ಇಲ್ಲ.

ಬಲವಾಗಿ ಕಚ್ಚಿ ಅಚ್ಚು ಕೂರಿಸೋಣ ಅಂದರೆ ಹಿಂದುಗಡೆ ತೆಳ್ಳಗಾಗಿ ತೂತು ಬೀಳುವ ಹಾಗಾಯಿತು. ಮತ್ತೆ ಕಾಯಿಸಿ ಕಚ್ಚಿದರೆ ಎಡಗಡೆ ಮಾತ್ರ ತಾಗಿತು. ಡಾಕ್ಟರಿಗೆ ತೋರಿಸಿದೆ. ರಬ್ಬರಿನಂಥದ್ದನ್ನು ಕೊರೆದು ನಯ ಮಾಡೋಕೆ ಬರಲ್ಲ ಅಂದರು. ಜೊತೆಗೆ, ಬಾಯಲ್ಲಿ ಮೆತ್ತಗಿನದು ಇದ್ದರೆ ಅಗಿಯಬೇಕು ಅನಿಸುತ್ತದೆ. ರಾತ್ರಿಯಿಡೀ ಅಗಿದು, ಬೆಳಿಗ್ಗೆ ಕೆನ್ನೆ ಇನ್ನೂ ಜಾಸ್ತಿ ಬಿಗಿದಿರುತ್ತಿತ್ತು. ಇದು ನನ್ನೊಬ್ಬನ ಕಥೆಯಲ್ಲ. 1987ರಲ್ಲಿ ಅಮೆರಿಕದ ದಂತವೈದ್ಯ ಜೆಫ್ರಿ ಓಕ್ಸನ್ 10 ಜನರಿಗೆ ಎರಡೂ ಬಗೆ ಹಾಕಿಸಿ ರಾತ್ರಿ ಸ್ನಾಯುಗಳ ಕೆಲಸ ಅಳೆದಿದ್ದರು. ಗಟ್ಟಿಯದರಿಂದ 8 ಜನರಿಗೆ ಕಮ್ಮಿಯಾಯಿತು. ಮೆತ್ತನೆಯದರಿಂದ 5 ಜನರಿಗೆ ಜಾಸ್ತಿಯಾಯಿತು. ಸಣ್ಣ ಪರೀಕ್ಷೆ ನಿಜ, ಆದರೆ ನನ್ನ ಕೆನ್ನೆ ಆ 5 ಜನರ ಕಡೆ.

ಗಟ್ಟಿಯದನ್ನು ಕೂರಿಸುವಾಗ ನೀಲಿ ಕಾಗದ ಇಟ್ಟು ‘ಟಕಟಕ ಕಚ್ಚಿ’ ಅಂತಾರೆ. ಬಣ್ಣ ಹತ್ತಿದ ಕಡೆ ಸ್ಪ್ಲಿಂಟನ್ನು ಒಂಚೂರು ಉಜ್ಜಿ ಸವೆಸುತ್ತಾರೆ. ಮತ್ತೆ ಕಾಗದ, ಮತ್ತೆ ಉಜ್ಜು. ಕೆಳಗಿನ ಹಲ್ಲುಗಳೆಲ್ಲ ಒಂದೇ ಸಮ ಗುರುತು ಬಿಡುವ ತನಕ ಬಿಡಲ್ಲ. ಆಮೇಲೆ ದವಡೆ ಪಕ್ಕಕ್ಕೆ ಸರಿಸಿದಾಗ ಕೋರೆಹಲ್ಲು ಮಾತ್ರ ತಾಗಿ, ಹಿಂದಿನವು ಬಿಟ್ಟುಕೊಳ್ಳಬೇಕು. ದುಡ್ಡು ಕೊಡುವುದು ಈ ಉಜ್ಜುವ ಕೆಲಸಕ್ಕೆ, ಪ್ಲಾಸ್ಟಿಕ್‌ಗಲ್ಲ. ಮೊದಮೊದಲು ಜೊಲ್ಲು ಸುರಿಯುತ್ತದೆ, ಮಾತು ತೊದಲುತ್ತದೆ. ಲಟಕ್ ಪೂರ್ತಿ ಹೋಗಿಲ್ಲ. ನೋವು ಹೋಗಿದೆ, ನನಗೆ ಅಷ್ಟು ಸಾಕು.

ಮೂರನೇ ದಾರಿಯೂ ಒಂದಿತ್ತು. ‘ನಿಮ್ಮ ಬೈಟೇ ಸರಿಯಿಲ್ಲ, ಹಲ್ಲನ್ನೇ ಸವೆಸಿ ಸರಿ ಮಾಡೋಣ’ ಅಂತ ಒಂದು ಕ್ಲಿನಿಕ್‌ನಲ್ಲಿ ಹೇಳಿದರು. ಬೈಟ್, ಅಂದರೆ ಮೇಲಿನ-ಕೆಳಗಿನ ಹಲ್ಲು ಕೂಡುವ ಕಚ್ಚು, ಕೆಟ್ಟರೆ ಕೀಲು ಕೆಡುತ್ತದೆ ಅನ್ನುವ ಮಾತು ಹಳೆಯದು. ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್ 1934ರಲ್ಲೇ ಬರೆದಿದ್ದರು. ಈಗ ಕಚ್ಚಿನ ಪಾಲು ಚಿಕ್ಕದು, ಹಲ್ಲು ಬಿಗಿಹಿಡಿಯುವ ಅಭ್ಯಾಸ, ಒತ್ತಡಗಳ ಪಾಲೂ ಇದೆ ಅನ್ನುತ್ತಾರೆ. ಸವೆಸಿದ ಹಲ್ಲು ವಾಪಸ್ ಬರಲ್ಲ. ಸ್ಪ್ಲಿಂಟ್ ಬೇಡವಾದರೆ ತೆಗೆದಿಡಬಹುದು.

ಬೆಲೆಯಲ್ಲಿ ಮೆತ್ತನೆಯದೇ ಅಗ್ಗ, ಗಟ್ಟಿಯದಕ್ಕೆ ಅದರ ಹಲವು ಪಟ್ಟು ಬಿತ್ತು. ಕೈ ಬಿಗಿ ಇದ್ದರೆ ನಮ್ಮೂರಲ್ಲೇ ಎರಡು ಡೆಂಟಲ್ ಕಾಲೇಜಿವೆ, ಅಲ್ಲಿ ವಿಚಾರಿಸಿ. ಕಾಯುವ ತಾಳ್ಮೆ ಬೇಕು ಅಷ್ಟೇ. ನಾನು ಹಗಲಲ್ಲೂ ಮೆಕ್ಕೆಜೋಳದ ಲೆಕ್ಕ ನೋಡುತ್ತಾ ಹಲ್ಲು ಕಚ್ಚಿ ಕೂರುವವನು. ಸುಮ್ನೆ ಕೂತಾಗ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ 2–4 ಮಿ.ಮೀ. ಸಂದಿ ಇರಬೇಕು. ಅದನ್ನು ಯಾವ ಗಾರ್ಡೂ ಕಲಿಸಲ್ಲ.

ಇನ್ನೊಂದು ವಿಷಯ. ಹೊಸದಾಗಿ ಕ್ಯಾಪ್ ಅಥವಾ ಫಿಲ್ಲಿಂಗ್ ಹಾಕಿಸಿದರೆ ಸ್ಪ್ಲಿಂಟನ್ನೂ ಜೊತೆಗೆ ಒಯ್ಯಿರಿ. ನೀಲಿ ಕಾಗದದ ಕೆಲಸ ಮತ್ತೆ ಆಗಬೇಕು.