ಹಳೆಯ ಮನೆಯ ದುರಸ್ತಿ ಪರವಾನಗಿ: ವಿಜಯಪುರದ ಒಂದು ಎಂಜಿನಿಯರಿಂಗ್ ಕಚೇರಿಯ ಸೇವೆ

ವಿಜಯಪುರದ ಕೋಟೆಗೋಡೆಯ ಒಳಗಿನ ಹಳೆಯ ಓಣಿಗಳಲ್ಲಿ ಮನೆ ಇರುವವರು ದುರಸ್ತಿಗೆ ಕೈಹಾಕುವಾಗ ಗೌಂಡಿಯನ್ನು ಹುಡುಕುವ ಮೊದಲು ಕಾಗದಪತ್ರ ಓದಬಲ್ಲ ಎಂಜಿನಿಯರರನ್ನು ಹುಡುಕಬೇಕು. ನಮ್ಮ ಮನೆಯ ಪರವಾನಗಿ ಕೆಲಸವನ್ನು ಮಾಡಿಕೊಟ್ಟ, ಇಲ್ಲಿಯದೇ ಒಬ್ಬ ನೋಂದಾಯಿತ ಎಂಜಿನಿಯರರ ಕಚೇರಿಯ ಸೇವೆಯ ಬಗ್ಗೆ ಈ ವಿಮರ್ಶೆ. ಕಚೇರಿಯ ಹೆಸರಿಗಿಂತ ಅವರು ಕೆಲಸ ಮಾಡಿದ ರೀತಿಯೇ ಓದುಗರಿಗೆ ಹೆಚ್ಚು ಉಪಯುಕ್ತವೆಂದು ಭಾವಿಸಿ ಅದನ್ನೇ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಮನೆ ಮೂರು ಕಾಲಕ್ಕೆ ಸೇರಿದ್ದು. ಕೆಳಗಿನದು ಅಜ್ಜನವರು ಕಟ್ಟಿಸಿದ, ಮಣ್ಣಿನ ಗಿಲಾಯದ ಕರಿಕಲ್ಲಿನ ಗೋಡೆಗಳ ಮನೆ. 1980ರ ದಶಕದಲ್ಲಿ ತಂದೆಯವರು ಪಡಸಾಲೆಯ ಹಳೆಯ ಛಾವಣಿ (ಮಾಳಿಗೆ) ತೆಗೆಸಿ ಸ್ಲ್ಯಾಬ್ ಹಾಕಿಸಿ, ಅದರ ಮೇಲೊಂದು ಕೋಣೆ ಏರಿಸಿದರು. ಹಿತ್ತಲಿನ ಅಡುಗೆಮನೆಯನ್ನು 2003ರಲ್ಲಿ ಚಿಕ್ಕಪ್ಪ ಕಟ್ಟಿಸಿದರು. ಈ ಎರಡಕ್ಕೂ ಪರವಾನಗಿ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಮನೆಪಟ್ಟಿಯನ್ನು ಮಾತ್ರ ವರ್ಷ ತಪ್ಪದೆ ಕಟ್ಟುತ್ತ ಬಂದಿದ್ದೇವೆ. ಕರ ಕಟ್ಟಿದ ಮಾತ್ರಕ್ಕೆ ಕಟ್ಟಡ ಸಕ್ರಮವಾಗುವುದಿಲ್ಲ ಎಂಬ ಸರಳ ವಿಷಯ ನಮ್ಮ ಓಣಿಯಲ್ಲಿ ಬಹಳ ಜನರಿಗೆ ಇಂದಿಗೂ ತಿಳಿದಿಲ್ಲ.

ಈ ಕಚೇರಿಗೆ ಹೋಗುವ ಮೊದಲು ಒಬ್ಬ ಏಜೆಂಟರನ್ನು ಕೇಳಿದ್ದೆವು. ದಂಡ ಕಟ್ಟಿ ಎಲ್ಲವನ್ನೂ ಸಕ್ರಮ ಮಾಡಿಸಿಕೊಡುತ್ತೇನೆ, ಹಳೆಯದನ್ನು ನಕ್ಷೆಯಲ್ಲಿ ತೋರಿಸುವ ಅಗತ್ಯವೇ ಇಲ್ಲ ಎಂದು ಅವರು ಧೈರ್ಯ ಹೇಳಿದರು. ಇದರಲ್ಲಿ ಎರಡೂ ಮಾತು ತಪ್ಪು. ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, 1976ರ 321-ಎ ಕಲಮಿನ ಆಧಾರದ ಮೇಲೆ ರೂಪಿಸಿದ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. ಆ ದಾರಿಯನ್ನು ನಂಬಿ ಮುಂಗಡ ಕೊಡುವುದು ಹಣ ಕಳೆದುಕೊಳ್ಳುವ ಕೆಲಸ. ಇನ್ನು ಇರುವ ಕಟ್ಟಡವನ್ನು ನಕ್ಷೆಯಲ್ಲಿ ಮುಚ್ಚಿಟ್ಟು ಪಡೆದ ಪರವಾನಗಿ, ಸುಳ್ಳು ಮಾಹಿತಿಯ ಕಾರಣಕ್ಕೇ ರದ್ದಾಗಬಹುದು.

ಎಂಜಿನಿಯರರು ಮೊದಲ ಭೇಟಿಯಲ್ಲಿ ನಮ್ಮ ಹೊಸ ಅಡುಗೆಮನೆಯ ಆಸೆಗಳ ಬಗ್ಗೆ ಏನನ್ನೂ ಕೇಳಲಿಲ್ಲ. ಸಿಟಿ ಸರ್ವೆ ಉತಾರ, ವಾಟ್ನಿ ಪತ್ರ (ಆಸ್ತಿ ವಿಭಾಗ ಪತ್ರ), ಹಳೆಯ ಮನೆಪಟ್ಟಿ ಪಾವತಿಗಳು, ವಿದ್ಯುತ್ ಸಂಪರ್ಕದ ಕಾಗದ, ಇವನ್ನೆಲ್ಲ ಟೇಬಲ್ಲಿನ ಮೇಲೆ ಹರಡಿಸಿಕೊಂಡು ಯಾವ ಭಾಗ ಯಾವ ವರ್ಷದ್ದೆಂದು ಒಂದು ಹಾಳೆಯಲ್ಲಿ ಬರೆದುಕೊಂಡರು. ಆಮೇಲೆ ಇದ್ದ ಮನೆಯನ್ನು ಇದ್ದ ಹಾಗೆಯೇ, ಪರವಾನಗಿ ಇಲ್ಲದ ಭಾಗಕ್ಕೆ ಬೇರೆ ಬಣ್ಣ ಕೊಟ್ಟು, ಅಳೆದು ನಕ್ಷೆ ಮಾಡಿಸಿದರು. “ಸರ್, ಇದ್ದದ್ದನ್ನ ನಕ್ಷಾದಾಗ ಮುಚ್ಚಿಟ್ರ ಮುಂದ ನಿಮಗ ತ್ರಾಸ ರೀ, ನಮಗೂ ತ್ರಾಸ” ಎಂದು ಸ್ಪಷ್ಟವಾಗಿ ಹೇಳಿದರು. ಈ ಸೇವೆಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ನಕ್ಷೆಗೇ, ಏಕೆಂದರೆ ಮುಂದಿನ ಪ್ರತಿಯೊಂದು ಅರ್ಜಿಯೂ ಅದರ ಮೇಲೆಯೇ ನಿಂತಿತು.

ವರ್ಷದ ಲೆಕ್ಕಕ್ಕೆ ನಮ್ಮ ಊರಿನಲ್ಲಿ ಇಷ್ಟು ಮಹತ್ವ ಬರುವುದಕ್ಕೆ ಕಾರಣವಿದೆ. ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕದ ಮೇರೆಯಿಂದ ಎಲ್ಲ ದಿಕ್ಕಿಗೂ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. 2010ರಲ್ಲಿ ತಿದ್ದುಪಡಿಯಾದ ಪ್ರಾಚೀನ ಸ್ಮಾರಕಗಳ ಕಾಯ್ದೆಯ ಪ್ರಕಾರ ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರು ಹೊಸದಾಗಿ ಕಟ್ಟುವಂತಿಲ್ಲ. ಅಗಲಕ್ಕಾಗಲಿ ಎತ್ತರಕ್ಕಾಗಲಿ ಬೆಳೆಸುವುದೂ ಹೊಸ ಕಟ್ಟಡವೆಂದೇ ಎಣಿಕೆಯಾಗುತ್ತದೆ. ದುರಸ್ತಿಗೆ ಅನುಮತಿ ಕೇಳಬಹುದು, ಆದರೆ ಆ ಕಟ್ಟಡ 1992ರ ಜೂನ್ 16ಕ್ಕಿಂತ ಮೊದಲೇ ಇದ್ದಿರಬೇಕು ಅಥವಾ ನಂತರ ಪುರಾತತ್ವ ಇಲಾಖೆಯ ಮಹಾನಿರ್ದೇಶಕರ ಒಪ್ಪಿಗೆಯಿಂದ ಕಟ್ಟಿದ್ದಾಗಿರಬೇಕು. ಗೋಳಗುಮ್ಮಟ, ಜುಮ್ಮಾ ಮಸೀದಿ, ಬಾರಾ ಕಮಾನ್, ಆಸಾರ್ ಮಹಲ್, ಗಗನ ಮಹಲ್ ಎಂದು ಹೆಜ್ಜೆಹೆಜ್ಜೆಗೆ ಸ್ಮಾರಕಗಳಿರುವ ಊರಿನಲ್ಲಿ ಈ ನಿಯಮ ಎಷ್ಟು ಮನೆಗಳನ್ನು ಮುಟ್ಟುತ್ತದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಏಜೆಂಟರು ಹತ್ತಿರದ ಸ್ಮಾರಕದ ಗೋಪುರ ಕಾಣುವ ದೂರವನ್ನು ಅಂದಾಜಿಸಿ ನಾವು ಹೊರಗಿದ್ದೇವೆ ಎಂದಿದ್ದರು. ಎಂಜಿನಿಯರರು ಆ ಸ್ಮಾರಕದ ಸಂರಕ್ಷಿತ ಮೇರೆಯಿಂದಲೇ ಅಳತೆ ಹಿಡಿದಾಗ ಮನೆ ಪೂರ್ತಿಯಾಗಿ 100 ಮೀಟರಿನ ಒಳಗೆ ಬಂದಿತು.

ಅಲ್ಲಿಂದ ತಂದೆಯವರ ಕೋಣೆ ಮತ್ತು ಚಿಕ್ಕಪ್ಪನವರ ಅಡುಗೆಮನೆ ಬೇರೆಬೇರೆ ದಾರಿ ಹಿಡಿದವು. ಹಳೆಯ ಕರ ನಿರ್ಧಾರಣೆಯ ದಾಖಲೆಯ ನಕಲು ತೆಗೆಸಿದಾಗ ಮೇಲಿನ ಕೋಣೆ 1992ಕ್ಕಿಂತ ಮೊದಲೇ ನಮೂದಾಗಿರುವುದು ಕಂಡಿತು, ಹೀಗಾಗಿ ಅದರ ದುರಸ್ತಿಗೆ ಅರ್ಜಿ ಹಾಕಲು ಸಾಧ್ಯವಾಯಿತು. ಮನೆಪಟ್ಟಿ ಪರವಾನಗಿಯ ಜಾಗದಲ್ಲಿ ನಿಲ್ಲಲಾರದು, ಆದರೆ ಕಟ್ಟಡದ ವಯಸ್ಸಿಗೆ ಅದು ಒಳ್ಳೆಯ ಸಾಕ್ಷಿ. ಹಳೆಯ ಪಾವತಿಗಳನ್ನು ರದ್ದಿಗೆ ಹಾಕುವವರು ಇದನ್ನು ದಯವಿಟ್ಟು ಗಮನಿಸಬೇಕು. 2003ರ ಅಡುಗೆಮನೆಗೆ ಮಾತ್ರ ಯಾವ ದಾರಿಯೂ ಇಲ್ಲ, ಅದನ್ನು ತೆಗೆದು ಅಡುಗೆಯನ್ನು ಹಳೆಯ ಮನೆಯ ಒಳಗೇ ಹೊಂದಿಸಬೇಕು ಎಂದು ಎಂಜಿನಿಯರರು ನಮ್ಮ ತಾಯಿಯವರ ಎದುರಿಗೇ ಹೇಳಿದರು. ತಾಯಿಯವರಿಗೆ ಬಹಳ ನೋವಾಯಿತು. ಆದರೂ ಶುಲ್ಕದ ಮಾತಿಗಿಂತ ಮೊದಲೇ ಈ ಮಾತು ಬಂದದ್ದರಿಂದ ನನಗೆ ಕಚೇರಿಯ ಮೇಲೆ ವಿಶ್ವಾಸ ಮೂಡಿತು.

ಕಟ್ಟಡದ ಬಲವನ್ನು ಪರೀಕ್ಷಿಸಿದ ರೀತಿಯೂ ಮೆಚ್ಚುವಂಥದ್ದು. ಸ್ಲ್ಯಾಬ್ ಕಲ್ಲಿನ ಗೋಡೆಯ ಮೇಲೆ ಕೂತ ಜಾಗದಲ್ಲಿ ಅಂಗೈಯಷ್ಟು ಪ್ಲಾಸ್ಟರ್ ಕೆತ್ತಿ, ಹೊಸದಾಗಿ ಒಡೆದ ಕಾಂಕ್ರೀಟಿನ ಮೇಲೆ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದರು. ಕ್ಷಾರಗುಣ ಉಳಿದಿರುವ ಕಾಂಕ್ರೀಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೊಕ್ಕು ಆ ಗುಣ ಹೋದಲ್ಲಿ ಬಣ್ಣ ಬರುವುದಿಲ್ಲ, ಅಂಥಲ್ಲಿ ಕಬ್ಬಿಣಕ್ಕೆ ತುಕ್ಕಿನಿಂದ ರಕ್ಷಣೆ ಇರುವುದಿಲ್ಲ. ನಮ್ಮ ಸ್ಲ್ಯಾಬಿನಲ್ಲಿ ಕೆಳಮೈಯಿಂದ ಸರಳಿನವರೆಗೂ ಬಣ್ಣ ಬರಲಿಲ್ಲ, ಸರಳಿನ ಮೇಲೆ ತುಕ್ಕು ಹೊಪ್ಪಳಿಕೆಯಾಗಿ ಏಳುತ್ತಿತ್ತು. ನೋಡಲು ಗಟ್ಟಿಯಾಗಿದ್ದ ಛಾವಣಿಯ ಕೆಳಗೆ ನಾವು ಇಷ್ಟು ವರ್ಷ ಮಲಗಿದ್ದೆವು. ಪರವಾನಗಿ ಇಲ್ಲದ ಹಳೆಯ ಕೆಲಸದಲ್ಲಿ ನಿಜವಾದ ಅಪಾಯವಿರುವುದು ಇಲ್ಲಿ: ಅಂದು ಯಾವ ಸರಳು ಹಾಕಿದರು, ಗೋಡೆ ಆ ಭಾರ ಹೊರುತ್ತದೆಯೇ ಎಂದು ಯಾರೂ ನೋಡಿರುವುದಿಲ್ಲ.

ದುರಸ್ತಿಯ ಅರ್ಜಿಗೆ ಕಾಲಾವಕಾಶ ಇಟ್ಟುಕೊಂಡೇ ಹೊರಡಬೇಕು. ಸ್ಮಾರಕಗಳ ಕಾಯ್ದೆಯ ಪ್ರಕಾರ ಸಕ್ಷಮ ಪ್ರಾಧಿಕಾರಿಯು (ಅನುಮತಿ ಕೊಡುವ ಅಧಿಕಾರಿ) ಅರ್ಜಿಯನ್ನು 15 ದಿನಗಳಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು, ಅಲ್ಲಿಂದ 2 ತಿಂಗಳೊಳಗೆ ಅಭಿಪ್ರಾಯ ಬರಬೇಕು, ಆಮೇಲೆ 1 ತಿಂಗಳಲ್ಲಿ ತೀರ್ಮಾನವಾಗಬೇಕು. ಇದು ಮುಗಿದ ಮೇಲೆ ಪಾಲಿಕೆಯ ಪರವಾನಗಿ. ಇಷ್ಟೆಲ್ಲ ಏಕೆ ಎನ್ನುವವರು 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪನ್ನು ನೆನಪಿಡಬೇಕು: ನೀರು ಮತ್ತು ವಿದ್ಯುತ್ ಸಂಪರ್ಕಕ್ಕೂ ಬ್ಯಾಂಕ್ ಸಾಲಕ್ಕೂ ಕಟ್ಟಡದ ಪೂರ್ಣತಾ (ಕಂಪ್ಲೀಷನ್) ಅಥವಾ ಸ್ವಾಧೀನ (ಆಕ್ಯುಪೆನ್ಸಿ) ಪ್ರಮಾಣಪತ್ರವನ್ನು ಪರಿಶೀಲಿಸಬೇಕೆಂದು ಅದು ಹೇಳಿದೆ.

ಕೊರತೆಗಳೂ ಇವೆ. ಕಟ್ಟಡದ ಬಲದ ವರದಿಯನ್ನು ಕಚೇರಿ ತಾನೇ ಹೇಳಿದ ಸಮಯಕ್ಕೆ ಕೊಡಲಿಲ್ಲ, ವಿಚಾರಿಸಿದರೆ ಸಹಾಯಕರು ಒಂದೊಂದು ಸಲ ಒಂದೊಂದು ಉತ್ತರ ಕೊಟ್ಟರು. ಶುಲ್ಕವನ್ನು ಅಳತೆ, ಅರ್ಜಿ, ಮೇಲ್ವಿಚಾರಣೆ ಎಂದು ಮೂರು ಕಂತಿನಲ್ಲಿ ಬರೆದುಕೊಟ್ಟದ್ದು ಸರಿಯಾಗಿದ್ದರೂ, ನಕಲು ಮತ್ತು ಓಡಾಟದ ಖರ್ಚಿಗೆ ರಸೀದಿ ಕೇಳಿಯೇ ಪಡೆಯಬೇಕಾಯಿತು. ಹಳೆಯ ವೈರಿಂಗನ್ನು ಅವರು ನೋಡುವುದಿಲ್ಲ. ಅದಕ್ಕೆ ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರನ್ನು ನಾವೇ ಕರೆಸಿದೆವು. ಸಮಯಪಾಲನೆಯ ಕಾರಣಕ್ಕೆ ಐದರಲ್ಲಿ ಒಂದು ಅಂಕ ಕಳೆದು ನಾಲ್ಕು ಕೊಡುತ್ತೇನೆ.

ಹಿತ್ತಲಿನ ಅಡುಗೆಮನೆಯನ್ನು ತೆಗೆಸಿದ್ದೇವೆ. ಮೇಲಿನ ಕೋಣೆಯ ದುರಸ್ತಿ ಹಳೆಯ ಅಗಲ ಮತ್ತು ಎತ್ತರದೊಳಗೇ, ಅನುಮತಿಯ ಷರತ್ತಿನಂತೆ ನಡೆದಿದೆ. ಸ್ಲ್ಯಾಬಿನ ಕೆಳಗೆ ಕಬ್ಬಿಣದ ತೊಲೆ ಕೂಡಿಸುವ ಹಂತದಲ್ಲಿ ಎಂಜಿನಿಯರರು ಸ್ವತಃ ಬಂದು ನಿಲ್ಲುತ್ತಾರೆ, ಗೌಂಡಿಗೆ ಕನ್ನಡದಲ್ಲಿ ಬರೆದ ಸೂಚನೆಯ ಹಾಳೆಯನ್ನೂ ಕೊಟ್ಟಿದ್ದಾರೆ. ನಕ್ಷೆಗಳು ಮಾತ್ರ ಇಂಗ್ಲಿಷಿನಲ್ಲಿವೆ. ಮನೆಯ ಹಿರಿಯರಿಗಾಗಿ ಅವುಗಳ ಸಾರಾಂಶವನ್ನೂ ಕನ್ನಡದಲ್ಲಿ ಬರೆಸಿಕೊಳ್ಳಿ. ನಾವು ಕೇಳಿದಾಗ ಅವರು ಬೇಸರವಿಲ್ಲದೆ ಬರೆದುಕೊಟ್ಟರು.