ಹಳೆಯ ಕಾರಿಗೆ ಹೊಸ ಎಸಿ ಕಂಪ್ರೆಸರ್: ರಾಯಚೂರಿನ ಬೇಸಿಗೆಗಳಲ್ಲಿ ಕಂಡದ್ದು

2010ರ ಮಾದರಿಯ ನಮ್ಮ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ 2022ರ ಏಪ್ರಿಲ್‌ನಲ್ಲಿ ಹೊಸ ಎಸಿ ಕಂಪ್ರೆಸರ್ (ತಂಪು ಮಾಡುವ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು) ಹಾಕಿಸಿದೆ. ಅಂದಿನಿಂದ ರಾಯಚೂರಿನ ಬೇಸಿಗೆಗಳನ್ನೆಲ್ಲ ಅದು ತಡೆದುಕೊಂಡಿದೆ. ಕಂಪ್ರೆಸರ್ ಚೆನ್ನಾಗಿದೆ, ಕೊಟ್ಟ ಹಣಕ್ಕೆ ಮೋಸವಾಗಿಲ್ಲ. ಆದರೆ ಅದು ಇಷ್ಟು ಕಾಲ ಬಾಳಿರುವುದು ಅದರ ಜೊತೆಯಲ್ಲೇ ಬದಲಿಸಿದ ಸಾಮಾನುಗಳಿಂದ. ಬರೀ ಕಂಪ್ರೆಸರ್ ಕೂರಿಸಿ, ಗ್ಯಾಸ್ ತುಂಬಿಸಿಕೊಂಡು ಬಂದಿದ್ದರೆ ಇಷ್ಟು ಹೊತ್ತಿಗೆ ಇನ್ನೊಂದನ್ನು ಕೊಳ್ಳಬೇಕಾಗುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ವಯಸ್ಸಾದ ತಾಯಿಯನ್ನು ಮಧ್ಯಾಹ್ನದ ಹೊತ್ತಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುವ ಮನೆಯಲ್ಲಿ ಎಸಿ ಶೋಕಿಯ ವಸ್ತುವಲ್ಲ. ಹಾಗಾಗಿ, ಹಳೆಯ ಕಾರಿಗೆ ಇಷ್ಟು ಖರ್ಚು ಬೇಕೆ ಎಂಬ ಪ್ರಶ್ನೆ ನಮ್ಮಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮೊದಲು ಕಂಡ ಲಕ್ಷಣ ಇದು: ಹೆದ್ದಾರಿಯಲ್ಲಿ ತಣ್ಣಗಿರುತ್ತಿದ್ದ ಗಾಳಿ ಸಿಗ್ನಲ್‌ನಲ್ಲಿ ನಿಂತಾಗ ಬಿಸಿಯಾಗತೊಡಗಿತು. ಕೆಲವು ವಾರಗಳ ನಂತರ ಎಸಿ ಗುಂಡಿ ಒತ್ತಿದರೆ ಎಂಜಿನ್ ಕಡೆಯಿಂದ ಕರಕರ ಸದ್ದು. ಕೊನೆಗೆ ಯಾವ ವೇಗದಲ್ಲಿ ಹೋದರೂ ಬರುತ್ತಿದ್ದದ್ದು ಫ್ಯಾನಿನ ಬಿಸಿ ಗಾಳಿ ಮಾತ್ರ. ಹತ್ತಿರದ ಒಂದು ಅಂಗಡಿಯಲ್ಲಿ ಬಾನೆಟ್ ತೆರೆದ ಕೂಡಲೇ "ಗ್ಯಾಸ್ ಕಡಿಮೆಯಾಗಿದೆ, ಹಾಕಿಬಿಡೋಣ ಸರ್" ಎಂದರು. ಒತ್ತಡ ಅಳೆಯದೆ ಹೇಳುವ ಈ ಮಾತನ್ನು ದಯವಿಟ್ಟು ಒಪ್ಪಿಕೊಳ್ಳಬೇಡಿ. ಇದು ಸೆಕೆಂಡ್ ಹ್ಯಾಂಡ್ ಕಾರು. ಹಿಂದಿನ ಮಾಲೀಕರು ಕೊಟ್ಟ ಕಡತದಲ್ಲಿ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸಿದ ರಸೀದಿ ಇತ್ತು. ಎಣ್ಣೆ ಹಾಕಿಸಿದ ಒಂದು ರಸೀದಿಯೂ ಇರಲಿಲ್ಲ. ಗ್ಯಾಸ್ ಸೋರುವಾಗ ತನ್ನೊಂದಿಗೆ ಕಂಪ್ರೆಸರ್ ಎಣ್ಣೆಯನ್ನೂ ಸ್ವಲ್ಪ ಸ್ವಲ್ಪವಾಗಿ ಹೊರಗೆ ಒಯ್ಯುತ್ತದೆ. ಕಂಪ್ರೆಸರ್‌ನೊಳಗಿನ ಪಿಸ್ಟನ್‌ಗಳಿಗೆ ಆ ಎಣ್ಣೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಕಾರಿನ ಎಸಿಯ ಕೆಲಸವನ್ನಷ್ಟೇ ಮಾಡುವ ಒಬ್ಬ ಹಿರಿಯ ಮೆಕ್ಯಾನಿಕ್ ಬಳಿ ಹೋದಾಗ ಸರಿಯಾದ ಪರೀಕ್ಷೆ ನಡೆಯಿತು. ಎಂಜಿನ್ ಆರಿಸಿ ಬಿಟ್ಟು, ಸಂಜೆಯ ಹೊತ್ತಿಗೆ ಗೇಜ್ ಸೆಟ್ (ಗ್ಯಾಸಿನ ಕೆಳ ಒತ್ತಡ, ಮೇಲಿನ ಒತ್ತಡ ಎರಡನ್ನೂ ತೋರಿಸುವ ಮಾಪಕ) ಹಚ್ಚಿದರು. ಎರಡು ಮುಳ್ಳುಗಳೂ 115 ಪಿಎಸ್‌ಐ ಆಸುಪಾಸಿನಲ್ಲಿದ್ದವು. ನಮ್ಮ ಕಾರಿನ ಎಸಿಯಲ್ಲಿರುವ ಆರ್-134ಎ ಗ್ಯಾಸ್‌ಗೆ ಅದು ಸುಮಾರು 35 ಡಿಗ್ರಿ ಬಿಸಿಯಲ್ಲಿ ಇರುವ ಒತ್ತಡ. ಹೊರಗಿನ ಬಿಸಿಯೂ ಅಷ್ಟೇ ಇತ್ತು. ಅಂದರೆ ಗ್ಯಾಸ್ ಪೂರ್ತಿ ಖಾಲಿಯಾಗಿರಲಿಲ್ಲ. (ಎಷ್ಟಿದೆ ಎಂಬುದು ಇದರಿಂದ ತಿಳಿಯುವುದಿಲ್ಲ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೂ ನಿಂತ ಒತ್ತಡ ಅಷ್ಟೇ ತೋರಿಸುತ್ತದೆ.) ನಂತರ ಎಂಜಿನ್ ಚಾಲೂ ಮಾಡಿ ಎಸಿ ಹಾಕಿದರು. ಆರೋಗ್ಯವಾಗಿರುವ ವ್ಯವಸ್ಥೆಯಲ್ಲಿ ಕೆಳ ಒತ್ತಡ 25ರಿಂದ 45ಕ್ಕೆ ಇಳಿದು, ಮೇಲಿನದು 200ರ ಆಚೀಚೆ ಏರಬೇಕು. ನಮ್ಮದರಲ್ಲಿ ಕೆಳಗಿನದು 80, ಮೇಲಿನದು 140. ಎಕ್ಸಲರೇಟರ್ ಒತ್ತಿದರೂ ಅಂತರ ಹೆಚ್ಚಲಿಲ್ಲ.

ಇಷ್ಟಕ್ಕೇ ಅವರು ಕಂಪ್ರೆಸರ್ ಮೇಲೆ ತಪ್ಪು ಹೊರಿಸಲಿಲ್ಲ. ಅವರ ಮೇಲೆ ನನಗೆ ನಂಬಿಕೆ ಬಂದದ್ದೇ ಇಲ್ಲಿ. ಎಸಿ ಹಾಕಿದಾಗ ಕಂಪ್ರೆಸರನ್ನು ಬೆಲ್ಟಿನ ಪುಲ್ಲಿಗೆ ಕಚ್ಚಿಸುವ ಮ್ಯಾಗ್ನೆಟಿಕ್ ಕ್ಲಚ್‌ಗೆ ಬ್ಯಾಟರಿಯ ಕರೆಂಟ್ ಬರುತ್ತಿದೆಯೇ ನೋಡಿದರು, ಬರುತ್ತಿತ್ತು. ಕಾಯಿಲ್‌ನ ರೋಧ ನಾಲ್ಕು ಓಮ್‌ನ ಹತ್ತಿರವಿತ್ತು, ಅದೂ ಸರಿ. ಪುಲ್ಲಿಯ ಮುಂದಿನ ತಟ್ಟೆ ಕ್ಲಿಕ್ ಎಂದು ಕಚ್ಚಿಕೊಂಡು ಪುಲ್ಲಿಯ ಜೊತೆ ತಿರುಗುತ್ತಲೂ ಇತ್ತು. ಎಕ್ಸ್‌ಪಾನ್ಶನ್ ವಾಲ್ವ್ (ಕೂಲಿಂಗ್ ಕಾಯಿಲ್‌ಗೆ ಗ್ಯಾಸನ್ನು ಅಳತೆಯಲ್ಲಿ ಬಿಡುವ ಕವಾಟ) ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದ್ದರೂ ಕೆಳ ಒತ್ತಡ ಏರುತ್ತದೆ, ಆದರೆ ಆಗ ಕಂಪ್ರೆಸರ್‌ಗೆ ಮರಳುವ ದಪ್ಪ ಪೈಪು ತಣ್ಣಗಾಗಿ ಬೆವರಿರುತ್ತದೆ. ನಮ್ಮ ಕಾರಿನಲ್ಲಿ ಅದು ಮುಟ್ಟಿದರೆ ಬೆಚ್ಚಗಿತ್ತು. ಕ್ಲಚ್ ಕಚ್ಚಿದೆ, ಶಾಫ್ಟ್ ತಿರುಗುತ್ತಿದೆ, ಆದರೂ ಒತ್ತಡ ಹುಟ್ಟುತ್ತಿಲ್ಲ: ಇಲ್ಲಿಗೆ ಕಂಪ್ರೆಸರ್ ಒಳಗೇ ಸವೆದಿದೆ ಎಂಬುದು ಖಚಿತವಾಯಿತು. ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, ಕಂಪ್ರೆಸರ್ ಬಿಚ್ಚಿ ಎಣ್ಣೆ ಬಸಿದಾಗ ಬಿಳಿ ಬಟ್ಟೆಯ ಮೇಲೆ ಬಿದ್ದದ್ದು ಬೂದಿ ಕಲಸಿದಂತಹ ದ್ರವ, ಅದರಲ್ಲಿ ಮಿನುಗುವ ಲೋಹದ ಪುಡಿ.

ಆ ಪುಡಿ ಕಂಡ ಮೇಲೆ ಪಟ್ಟಿ ಉದ್ದವಾಗಲೇಬೇಕು. ಈಚಿನ ಕಾರುಗಳ ಕಂಡೆನ್ಸರ್‌ನ (ಗ್ಯಾಸಿನ ಬಿಸಿಯನ್ನು ಹೊರಹಾಕುವ, ಕಾರಿನ ಮುಂಭಾಗದ ಜಾಲರಿ) ಕೊಳವೆಗಳು ಬಹಳ ಸೂಕ್ಷ್ಮ. ಅವುಗಳಲ್ಲಿ ಸಿಕ್ಕ ಲೋಹವನ್ನು ಎಷ್ಟು ತೊಳೆದರೂ ಪೂರ್ತಿ ತೆಗೆಯಲಾಗುವುದಿಲ್ಲ. ಅದು ಮುಂದೊಂದು ದಿನ ಕಳಚಿ ಹೊಸ ಕಂಪ್ರೆಸರ್‌ಗೇ ಬರುತ್ತದೆ. ಹಾಗಾಗಿ ಕಂಡೆನ್ಸರ್, ರಿಸೀವರ್ ಡ್ರೈಯರ್ (ಗ್ಯಾಸಿನ ತೇವ ಹೀರುವ ಡಬ್ಬಿ), ಎಕ್ಸ್‌ಪಾನ್ಶನ್ ವಾಲ್ವ್, ಸೋರದಂತೆ ತಡೆಯುವ ಎಲ್ಲ ಓ-ರಿಂಗ್‌ಗಳು ಹೊಸವು. ಡ್ಯಾಶ್‌ಬೋರ್ಡ್ ಒಳಗೆ ಗಾಳಿಯನ್ನು ತಣ್ಣಗಾಗಿಸುವ ಕೂಲಿಂಗ್ ಕಾಯಿಲ್ ಮತ್ತು ಪೈಪುಗಳನ್ನು ತೊಳೆಯುವ ದ್ರಾವಣ ಹಾಕಿ ನೈಟ್ರೋಜನ್‌ನಿಂದ ಊದಿಸಿದೆವು. ಕೆಲವೆಡೆ ಪೆಟ್ರೋಲ್ ಹಾಕಿ ತೊಳೆಯುತ್ತಾರೆ. ಬೇಡವೆಂದು ಖಂಡಿತವಾಗಿ ಹೇಳಿ: ಬೆಂಕಿಯ ಅಪಾಯ ಒಂದು, ಒಳಗೆ ಉಳಿದ ಪೆಟ್ರೋಲ್ ಎಣ್ಣೆಯನ್ನು ಕೆಡಿಸುವುದು ಇನ್ನೊಂದು.

ಹಳೆಯ ಕಂಡೆನ್ಸರ್ ಕೆಳಗಿಳಿಸಿದಾಗ ನಿಜವಾದ ಕಾರಣದ ಇನ್ನರ್ಧ ಸಿಕ್ಕಿತು. ಅದರ ರೆಕ್ಕೆಗಳ ನಡುವೆ ಹತ್ತಿಯ ಎಳೆ, ಭತ್ತದ ಹೊಟ್ಟು, ಧೂಳು ಸೇರಿ ಚಾಪೆ ಕಟ್ಟಿತ್ತು. ಹತ್ತಿ ಮಾರುಕಟ್ಟೆ, ಅಕ್ಕಿ ಗಿರಣಿಗಳ ಸುತ್ತ ಓಡಾಡುವ ಗಾಡಿಗೆ ಇದು ಸಹಜ. ಮುಂದಿನ ಫ್ಯಾನ್ ಕೂಡ ಬುಷ್ ಸವೆದು ನಿಧಾನವಾಗಿ ತಿರುಗುತ್ತಿತ್ತು. ಬಿಸಿ ಹೊರಹೋಗಲು ದಾರಿಯಿಲ್ಲದಿದ್ದಾಗ ಮೇಲಿನ ಒತ್ತಡ ಏರುತ್ತದೆ, ಕಡಿಮೆ ಎಣ್ಣೆಯ ಕಂಪ್ರೆಸರ್ ಆ ಭಾರದ ಎದುರು ದುಡಿದು ಸವೆಯುತ್ತದೆ. ಸಿಗ್ನಲ್‌ನಲ್ಲಿ ಮಾತ್ರ ಬಿಸಿಯಾಗುತ್ತಿದ್ದ ಮೊದಲ ಲಕ್ಷಣಕ್ಕೂ ಉತ್ತರ ಇಲ್ಲೇ ಇತ್ತು. ಫ್ಯಾನ್ ಮೋಟಾರನ್ನೂ ಬದಲಿಸಿದೆವು.

ಕಂಪ್ರೆಸರ್ ಆಯ್ಕೆಯ ಬಗ್ಗೆ. ರೀಕಂಡೀಷನ್ ಮಾಡಿದ್ದು ಹೊಸದರ ಅರ್ಧ ಬೆಲೆಗೆ ಸಿಗುತ್ತಿತ್ತು. ಹೊರಗೆ ಬಣ್ಣ ಬಳಿದು ಹೊಳೆಯುತ್ತಿತ್ತು, ಒಳಗೆ ಏನು ಬದಲಿಸಿದ್ದಾರೆಂದು ಕೇಳಿದರೆ ಸ್ಪಷ್ಟ ಉತ್ತರವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯಿಂದ, ಹಳೆಯದರ ಮೇಲಿದ್ದ ನಂಬರ್ ತಾಳೆ ನೋಡಿ, ಹೊಸದನ್ನೇ ತರಿಸಿದೆ. ಹದಿನಾಲ್ಕು ಸಾವಿರದ ಆಸುಪಾಸು ಬಿತ್ತು. ಉಳಿದ ಸಾಮಾನು ಮತ್ತು ಕೂಲಿ ಸೇರಿ ಹೆಚ್ಚುಕಡಿಮೆ ಅಷ್ಟೇ ಆಯಿತು. ವಾರಂಟಿ ಚೀಟಿಯನ್ನು ಓದಿಯೇ ಹಣ ಕೊಡಿ: ಡ್ರೈಯರ್ ಬದಲಿಸಿದ ಬಿಲ್ ಇಲ್ಲದಿದ್ದರೆ ವಾರಂಟಿ ಇಲ್ಲ ಎಂದು ನಮ್ಮ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಎಣ್ಣೆಯ ವಿಷಯದಲ್ಲೂ ಎಚ್ಚರ ಬೇಕು. ಕೆಲವು ಕಂಪ್ರೆಸರ್‌ಗಳಲ್ಲಿ ಇಡೀ ವ್ಯವಸ್ಥೆಗೆ ಬೇಕಾಗುವಷ್ಟು ಎಣ್ಣೆ ತುಂಬಿಯೇ ಬರುತ್ತದೆ, ಕೆಲವಲ್ಲಿ ಇಲ್ಲ. ಇದಕ್ಕೆ ಹಾಕುವ ಪಿಎಜಿ ಎಂಬ ಎಣ್ಣೆ ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ತೆರೆದಿಟ್ಟ ಡಬ್ಬಿಯದು ಬೇಡ.

ಜೋಡಿಸಿದ ಮೇಲೆ ನೈಟ್ರೋಜನ್ ಒತ್ತಡದಲ್ಲಿ ಸೋಪಿನ ನೀರು ಹಚ್ಚಿ ಸೋರಿಕೆ ನೋಡಿದರು. ನಂತರ ಮುಕ್ಕಾಲು ಗಂಟೆ ವ್ಯಾಕ್ಯೂಮ್, ಅಂದರೆ ಪಂಪ್ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆಯುವುದು. ಒಳಗೆ ಉಳಿದ ತೇವ ಕಡಿಮೆ ಒತ್ತಡದಲ್ಲಿ ಆವಿಯಾಗಿ ಹೊರಬರುವುದು ಈ ಹಂತದಲ್ಲೇ. ಇದನ್ನು ಹತ್ತು ನಿಮಿಷಕ್ಕೆ ಮುಗಿಸುವವರ ಹತ್ತಿರ ಕೆಲಸ ಕೊಡಬಾರದು. ಆಗ ಗೇಜಿನ ಮುಳ್ಳು ಎಲ್ಲಿ ನಿಲ್ಲುತ್ತದೆ ಎಂಬುದು ಊರಿನ ಎತ್ತರವನ್ನೂ ಅವಲಂಬಿಸಿದೆ. ಮಂಗಳೂರಿನಲ್ಲಿ 29 ಇಂಚು (ಪಾದರಸದ ಲೆಕ್ಕದಲ್ಲಿ) ದಾಟುವ ಅದೇ ಪಂಪ್ 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 27ರ ಹತ್ತಿರ ನಿಂತರೆ ಅದು ಸೋರಿಕೆಯಲ್ಲ. ಪಂಪ್ ನಿಲ್ಲಿಸಿದ ಮೇಲೆ ಮುಳ್ಳು ಅಲ್ಲಾಡದೆ ಇರುವುದು ಮುಖ್ಯ. ಗ್ಯಾಸನ್ನು ಬಾನೆಟ್ ಕೆಳಗಿನ ಚೀಟಿಯಲ್ಲಿ ಬರೆದ ಗ್ರಾಂ ಲೆಕ್ಕದಲ್ಲಿ, ತೂಕ ಮಾಡಿ ಹಾಕಿದರು. ಚಾಲೂ ಮಾಡುವ ಮುನ್ನ ಕಂಪ್ರೆಸರ್‌ನ ಮುಂದಿನ ತಟ್ಟೆಯನ್ನು ಕೈಯಿಂದ ಹಲವು ಸುತ್ತು ತಿರುಗಿಸಿದ್ದನ್ನೂ ಹೇಳಬೇಕು. ಸಿಲಿಂಡರ್‌ನಲ್ಲಿ ನಿಂತ ಎಣ್ಣೆ ಸರಿದುಹೋಗಿ ಮೊದಲ ಏಟು ತಪ್ಪುತ್ತದೆ.

ಈಗಿನ ಸ್ಥಿತಿ: ಹೊರಗೆ 41 ಡಿಗ್ರಿ ಇದ್ದಾಗ ಓಡುವ ಕಾರಿನ ನಡುವಿನ ಕಿಂಡಿಯಲ್ಲಿ 9 ಡಿಗ್ರಿ ಬರುತ್ತದೆ, ನಿಂತಾಗ 14ಕ್ಕೆ ಏರುತ್ತದೆ. ಹಿಂದಿನ ವರ್ಷ ಗ್ಯಾಸ್ ಹೊರತೆಗೆದು ತೂಗಿಸಿದಾಗ ಕೊರತೆ ಇಪ್ಪತ್ತು ಗ್ರಾಂನಷ್ಟು ಮಾತ್ರ. ಆರ್-134ಎ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುವ ಅನಿಲ. ಅದನ್ನು ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುವ ಅಂಗಡಿಯನ್ನೇ ಹುಡುಕಿ ಎಂದು ಕೇಳಿಕೊಳ್ಳುತ್ತೇನೆ.

ಕೊರತೆಗಳೂ ಇವೆ. ಕ್ಲಚ್ ಕಚ್ಚುವ ಸದ್ದು ಹಳೆಯದಕ್ಕಿಂತ ಜೋರು. ಮೊದಲ ಮಳೆಗಾಲದಲ್ಲಿ ಬೆಲ್ಟ್ ಕಿರುಗುಟ್ಟಿತು. ಹೊಸ ಕಂಪ್ರೆಸರ್ ಜೊತೆ ಹಳೆಯ ಬೆಲ್ಟನ್ನೇ ಉಳಿಸಬಾರದೆಂದು ಅಂಗಡಿಯವರು ಹೇಳಬೇಕಿತ್ತು. ಬೆಲ್ಟ್ ಬದಲಿಸಿದ ಮೇಲೆ ಸದ್ದಿಲ್ಲ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಓಡಿಸುತ್ತೇವೆ, ಶಾಫ್ಟ್ ಸೀಲ್‌ಗೆ ಎಣ್ಣೆ ತಲುಪುತ್ತಿರಲಿ ಎಂದು. ಬೇಸಿಗೆಗೆ ಮುಂಚೆ ಕಂಡೆನ್ಸರ್‌ನ ಹತ್ತಿ, ಹೊಟ್ಟನ್ನು ಹಗುರವಾಗಿ ನೀರು ಹಾಯಿಸಿ ತೊಳೆಸುತ್ತೇವೆ. ಒತ್ತಡದ ಪಿಚಕಾರಿ ಬಳಸಿದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ನಿಮ್ಮ ಕಾರಿನಲ್ಲಿ ಬರೀ ಸದ್ದು ಬರುತ್ತಿದ್ದು, ತಂಪು ಸರಿಯಾಗಿದ್ದರೆ ಮೊದಲು ಕ್ಲಚ್ ಬೇರಿಂಗ್ ನೋಡಿಸಿ. ಎಸಿ ಆರಿಸಿದಾಗಲೂ ಸದ್ದು ಮುಂದುವರಿದರೆ ಅನುಮಾನ ಅದರ ಮೇಲೆಯೇ. ಗ್ಯಾಸ್ ಬಿಡದೆ, ಸಣ್ಣ ಖರ್ಚಿನಲ್ಲಿ ಅದೊಂದನ್ನೇ ಬದಲಿಸಲು ಎಷ್ಟೋ ಕಾರುಗಳಲ್ಲಿ ಸಾಧ್ಯವಿದೆ. ಕಂಪ್ರೆಸರ್ ಜೊತೆಗೆ ಕೂಲಿಂಗ್ ಕಾಯಿಲ್ ಕೂಡ ಸೋರುತ್ತಿದೆ ಎಂದಾದರೆ ಡ್ಯಾಶ್‌ಬೋರ್ಡ್ ಇಳಿಸುವ ಕೂಲಿಯನ್ನೂ ಲೆಕ್ಕಕ್ಕೆ ಸೇರಿಸಿ, ಕಾರಿನ ಮಾರಾಟ ಬೆಲೆಯ ಪಕ್ಕದಲ್ಲಿಟ್ಟು ನೋಡಿದ ಮೇಲೆಯೇ ಸಾಮಾನು ತರಿಸಿ.